ಕೊಳೆಯೋ, ಕೊಲೆಯೋ?

ಅಡಿಕೆ ಗ್ರೂಪಿನಲ್ಲಿ ನಮ್ಮ ಹುಡುಗರು ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದು ನನಗೆ ಸರಿ ಕಾಣೋದಿಲ್ಲ. ಇಂಗ್ಲಿಷ್ ಪದ ಬೆರೆಸಬೇಡಿ ಅಂತ ಅಲ್ಲ ಮಾರಾಯ್ರೆ. ಮೋಟರು, ಟಿಸಿ, ಲೋನು ಅಂತ ನಾವೂ ದಿನಾ ಹೇಳ್ತೇವೆ. ನನ್ನ ತಕರಾರು ಅಕ್ಷರದ್ದು.

ಇಂಗ್ಲಿಷಿನ ಒಂದೇ ಎಲ್ ನಮ್ಮ ಲ-ಳ ಎರಡಕ್ಕೂ. ಕೆ ಓ ಎಲ್ ಇ ಅಂತ ಹಾಕಿದರೆ ಕೊಳೆಯೂ ಹೌದು, ಕೊಲೆಯೂ ಹೌದು. ಮೇಲಿನ ತೋಟದಲ್ಲಿ ಕೊಲೆ ಶುರುವಾಗಿದೆ ಅಂದ್ರೆ ಪೊಲೀಸಿಗೆ ಹೇಳ್ಬೇಕಾ, ಕೊನೆಗೌಡನಿಗೆ ಹೇಳ್ಬೇಕಾ? ಇದು ನಗೋ ಮಾತಾಯ್ತು. ಬಿ ಇ ಎಲ್ ಇ ನೋಡಿ. ಬೆಳೆ ಇಲ್ಲ ಅಂದ್ರೆ ಮನೆಯಲ್ಲಿ ಅಡಿಕೆ ಇಟ್ಟವನು ಇನ್ನೊಂದು ತಿಂಗಳು ಕಾಯ್ತಾನೆ. ಬೆಲೆ ಇಲ್ಲ ಅಂತ ಓದಿಕೊಂಡರೆ ಹೆದರಿ ಮಾರಿಬಿಡ್ತಾನೆ.

ಔಷಧಿ ವಿಷಯ ಇನ್ನೂ ಕಷ್ಟ. ಬೋರ್ಡೋಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್, ಇದು ಎಲ್ಲರಿಗೂ ಗೊತ್ತು. ಆದರೆ ಸುಣ್ಣ ಎಲ್ಲಾ ಒಂದೇ ಥರ ಇರೋದಿಲ್ಲ. ಕತ್ತಿ ಅದ್ದಿ ನೋಡಿದಾಗ ಕೆಂಪಾದ್ರೆ ಇನ್ನಷ್ಟು ಸುಣ್ಣ "ಹಾಕ್ಬಿಡಿ" ಅನ್ನಬೇಕು. ಅವಸರದಲ್ಲಿ ಇಂಗ್ಲಿಷಿನ ಒಂದು ಅಕ್ಷರ ಆಚೀಚೆ ಆದ್ರೆ ಅದೇ "ಹಾಕ್ಬೇಡಿ" ಆಗ್ತದೆ. ಸುಣ್ಣ ಸಾಲದ ದ್ರಾವಣ ಹೊಡೆದ್ರೆ ಎಳೆ ಕಾಯಿ ಸುಡ್ತದೆ, ಕೊಳೆಗಿಂತ ಮೊದಲು ನಾವೇ ಹಾಳು ಮಾಡಿದ ಹಾಗೆ.

ಇನ್ನು ಮನೆಯ ಹೆಂಗಸರು. ಔಷಧಿ ಕದಡೋದು ಎಷ್ಟೋ ಮನೆಗಳಲ್ಲಿ ಅವರೇ. ಏಳನೇ ಕ್ಲಾಸು ಓದಿದವರು ದಿನಾ ಪೇಪರ್ ಪೂರ್ತಿ ಓದ್ತಾರೆ. ಹೆತ್ತ ಮಗನ ಮೆಸೇಜನ್ನ ಮಾತ್ರ ಪಕ್ಕದ ಮನೆ ಮಗುವಿನ ಹತ್ರ ಓದಿಸ್ಕೊಳ್ಬೇಕು. ಇದು ಯಾವ ನ್ಯಾಯ?

ಹಿಂದೆ ಹಾಗೆ ಬರೆಯೋದಕ್ಕೆ ಕಾರಣ ಇತ್ತು. ಬಟನ್ ಫೋನಿನಲ್ಲಿ ಕನ್ನಡ ಬರೀ ಡಬ್ಬಿ ಡಬ್ಬಿಯಾಗಿ ಕಾಣ್ತಿತ್ತು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ, ದುಡ್ಡು ಜಾಸ್ತಿ. ಈಗ ಆ ಲೆಕ್ಕ ಎಲ್ಲಿದೆ? ಬೆರಳು ರೂಢಿ ಬಿಟ್ಟಿಲ್ಲ ಅಷ್ಟೇ.

ಹುಡುಗರು ತಮ್ಮತಮ್ಮಲ್ಲಿ ತಮಾಷೆಗೆ ಹೇಗೆ ಬೇಕಾದ್ರೂ ಬರ್ಕೊಳ್ಳಲಿ. ಔಷಧಿ, ರೇಟು, ಕರೆಂಟು, ಈ ಮೂರು ವಿಷಯ ಮಾತ್ರ ಕನ್ನಡ ಅಕ್ಷರದಲ್ಲೇ ಹಾಕಿ. ಒತ್ತೋಕೆ ಬೇಜಾರಾದ್ರೆ ಕೀಬೋರ್ಡಿನ ಭಾಷೆ ಕನ್ನಡ ಮಾಡಿ, ಮೈಕ್ ಗುರುತು ಮುಟ್ಟಿ ಮಾತಾಡಿ, ಅದೇ ಬರ್ಕೊಳ್ತದೆ. ಮೈಲುತುತ್ತವನ್ನ ಏನೇನೋ ಮಾಡಿ ಬರೀಬಹುದು, ಒಂದ್ಸಲ ಓದಿ ತಿದ್ದಿ ಕಳ್ಸಿ.