ಯಾರದೋ ಗಾಡಿಯ ಸಿಲಿಂಡರ್ ಯಾರದೋ ಗಾಡಿಗೆ!

ಕೊಟ್ಟಿಗೆಹಾರದಲ್ಲಿ ಬಸ್ಸು ತಪ್ಪಿದವರಿಗೆ ಜೀಪೇ ಗತಿ. ಮೊನ್ನೆ ನನಗೂ ಅದೇ ಗತಿಯಾಯಿತು. ಚಾರ್ಮಾಡಿ ಘಾಟಿ ಇಳಿಯುವಾಗ ನೋಡುತ್ತೇನೆ, ನಮ್ಮ ಡ್ರೈವರ್ ಮಹಾಶಯ ಪ್ರತಿ ತಿರುವಿನಲ್ಲೂ ಬ್ರೇಕ್ ಪೆಡಲನ್ನು ಒನಕೆಯಲ್ಲಿ ಭತ್ತ ಕುಟ್ಟಿದ ಹಾಗೆ ಕುಟ್ಟುತ್ತಿದ್ದಾನೆ.

"ಏನಪ್ಪಾ ಇದು?" ಅಂದೆ.

"ಏನಿಲ್ಲ ಸಾರ್, ಮಾಸ್ಟರ್ ಸಿಲಿಂಡರ್ ಬೇರೆ ಗಾಡೀದು. ಎರಡ್ ಸಲ ಹೊಡೆದ್ರೆ ಹಿಡಿಯುತ್ತೆ. ನೀವ್ ಆರಾಮಾಗ್ ಕೂತ್ಕೊಳ್ಳಿ!"

ಆರಾಮ ಎಲ್ಲಿಂದ ಬರಬೇಕು ಸ್ವಾಮಿ? ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಒಳಗೆ 12 ಜನ, ಮೇಲೆ ಎರಡು ಮೂಟೆ ಅಕ್ಕಿ. ಬಿಳಿ ಬೋರ್ಡೋ ಹಳದಿ ಬೋರ್ಡೋ ಎಂಬುದು ಇನ್ನೊಂದು ದಿನದ ಮಾತು.

ದೊಡ್ಡ ಬಸ್ಸಿನವರು ಹೆದರಬೇಕಿಲ್ಲ. ಅವಕ್ಕೆ ಗಾಳಿಯ ಬ್ರೇಕು. ಈ ಕಥೆ ಆಯಿಲ್ ಬ್ರೇಕಿನ ಜೀಪು, ವ್ಯಾನು, ಸಾಮಾನಿನ ಟೆಂಪೋಗಳದ್ದು. ಅವುಗಳಲ್ಲಿ ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಆಯಿಲನ್ನು ನಾಲ್ಕೂ ಚಕ್ರಕ್ಕೆ ನೂಕುತ್ತದೆ. ಎಷ್ಟು ಆಯಿಲು, ಎಷ್ಟು ಒತ್ತಡ ಎಂಬುದು ಬೋರಿನ ಅಳತೆಯ ಮೇಲೆ ನಿಂತಿದೆ.

ವಿಲ್ಲಿಸ್ ಕಾಲದ ಜೀಪಿಗೆ 1 ಇಂಚಿನ ಬೋರು. ಅದರ ಬದಲು ಗುಜರಿಯಲ್ಲಿ ಸಿಕ್ಕಿದ ಸಣ್ಣ ಕಾರಿನ ಮುಕ್ಕಾಲು ಇಂಚಿನದು ಕೂರಿಸಿದರೆ ಏನಾಗುತ್ತದೆ? ಕಾಲು ಇಂಚು ತಾನೇ ಅನ್ನಬೇಡಿ. ಬೋರಿನ ಬಾಯಿಯ ವಿಸ್ತೀರ್ಣ ನೂರಕ್ಕೆ 56ಕ್ಕೆ ಇಳಿಯಿತು! ಪೆಡಲ್ ಮೆತ್ತಗಾಗುತ್ತದೆ, ಒತ್ತಡವೂ ಹೆಚ್ಚೇ ಸಿಗುತ್ತದೆ. ಗ್ಯಾರೇಜಿನ ಅಂಗಳದಲ್ಲಿ ಖಾಲಿ ಗಾಡಿ ಓಡಿಸಿದ ಮಾಲೀಕ "ಬೆಣ್ಣೆ ಇದ್ದ ಹಾಗಿದೆ ಮಾರಾಯ್ರೆ" ಎಂದು ದುಡ್ಡು ಕೊಟ್ಟು ಹೋಗುತ್ತಾನೆ. ಆದರೆ ಒಂದು ತುಳಿತಕ್ಕೆ ಹೋಗುವ ಆಯಿಲು ಮೊದಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಘಾಟಿಯಲ್ಲಿ ಭಾರ ಹೊತ್ತು ಇಳಿಯುವಾಗ ಡ್ರಮ್ ಕಾದು ಹಿಗ್ಗುತ್ತದೆ, ಶೂಗೂ ಡ್ರಮ್ಮಿಗೂ ನಡುವೆ ಸಂದು ಬೀಳುತ್ತದೆ, ಹೆಚ್ಚು ಆಯಿಲು ಬೇಕಾಗುತ್ತದೆ. ಬೇಕಾದಷ್ಟು ಹೋಗುವ ಮೊದಲೇ ಪೆಡಲ್ ನೆಲ ಮುಟ್ಟುತ್ತದೆ. ನಮ್ಮ ಡ್ರೈವರ್ ಭತ್ತ ಕುಟ್ಟುತ್ತಿದ್ದುದು ಇದಕ್ಕೇ. ಎರಡನೇ ಸಲ ತುಳಿಯಲು ಪುರುಸೊತ್ತಿಲ್ಲದ ಕಡೆ ಎಮ್ಮೆ ಅಡ್ಡ ಬಂದರೆ?

ಉಲ್ಟಾ ಮಾಡಿದರೂ ಕಷ್ಟವೇ. ಚಿಕ್ಕ ಬೋರಿನ ಗಾಡಿಗೆ ದೊಡ್ಡದು ಹಾಕಿದರೆ ಪೆಡಲ್ ಕಲ್ಲಿನ ಹಾಗೆ ನಿಲ್ಲುತ್ತದೆ. "ಬ್ರೇಕ್ ಗಟ್ಟಿಯಾಗಿದೆ" ಎಂದು ಜನ ಖುಷಿಪಡುತ್ತಾರೆ. ಗಟ್ಟಿಯಾಗಿರುವುದು ಪೆಡಲ್ ಕಣ್ರೀ, ಬ್ರೇಕಲ್ಲ!

ಇನ್ನೊಂದು ಹೊಸ ಶೋಕಿ ಬಂದಿದೆ. ಹಳೇ ಜೀಪಿನ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸುತ್ತಾರೆ, ಸಿಲಿಂಡರ್ ಮಾತ್ರ ಹಳೆಯದೇ. ಡ್ರಮ್ಮಿನ ಹಳೇ ಸಿಲಿಂಡರುಗಳಲ್ಲಿ ಪೈಪಿನೊಳಗೆ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಡ್ರಮ್ಮಿಗೆ ಅದು ಬೇಕು, ಡಿಸ್ಕಿಗೆ ಕಂಟಕ. ಪ್ಯಾಡು ಬಿಡದೆ ಉಜ್ಜುತ್ತದೆ, ಕಾಯುತ್ತದೆ, ಆಯಿಲು ಕುದಿಯುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿಯವರೆಗೆ ತಾಳಬೇಕು. ತೇವ ಹೀರಿದ ಮೇಲೆ 140 ಡಿಗ್ರಿ ತಾಳಿದರೂ ಪಾಸು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರವೇ?

ಹಾಗೆಂದು ಮೆಕ್ಯಾನಿಕ್ಕುಗಳನ್ನು ಬೈಯುವುದು ನನ್ನ ಉದ್ದೇಶವಲ್ಲ. ಅಂಬಾಸಿಡರ್ ನಿಂತಿದ್ದು 2014ರಲ್ಲಿ, ಓಮ್ನಿ 2019ರಲ್ಲಿ. ಹಳೇ ಗಾಡಿಗೆ ಅದರದೇ ಸಾಮಾನು ಹುಡುಕುವುದು ಎಷ್ಟು ಕಷ್ಟ ಎಂದು ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೆ ಗೊತ್ತು. ಬದಲಾವಣೆ ಎಷ್ಟೋ ಸಲ ಒಳ್ಳೆಯದೂ ಹೌದು. ಹಳೇ ಒಂಟಿ ಸಿಲಿಂಡರಿನಲ್ಲಿ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ಅದೇ ಬೋರಿನ ಜೋಡಿ ಸಿಲಿಂಡರ್ ಹಾಕಿ ಪೈಪು ಬೇರೆ ಮಾಡಿದರೆ ಎರಡು ಚಕ್ರವಾದರೂ ಹಿಡಿಯುತ್ತವೆ. ಅಂಥ ಕೆಲಸ ಮಾಡುವ ಬುದ್ಧಿವಂತರು ನಮ್ಮೂರಿನಲ್ಲೇ ಇದ್ದಾರೆ. ವರ್ನಿಯರ್ ಹಿಡಿದು ಬೋರ್ ಅಳೆಯುತ್ತಾರೆ, ಪುಶ್ ರಾಡಿಗೆ ಕೂದಲೆಳೆಯಷ್ಟು ಆಟ ಬಿಡುತ್ತಾರೆ. ಆ ಆಟ ಇಲ್ಲದಿದ್ದರೆ ಆಯಿಲು ವಾಪಸು ಬರಲು ದಾರಿಯಿಲ್ಲ, ಬ್ರೇಕ್ ತಾನಾಗಿಯೇ ಕಚ್ಚಿಕೊಳ್ಳುತ್ತದೆ. ನನ್ನ ತಕರಾರು "ಬೋಲ್ಟ್ ಕೂತ್ರೆ ಸಾಕು" ಅನ್ನುವವರ ಮೇಲೆ.

ಗಾಡಿಯ ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು. ಸಿಲಿಂಡರ್ ಬದಲಿಸಿದರೆ ಒಂದು ಚೀಟಿಯೂ ಇಲ್ಲ. 8 ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಇದೆ, ನಿಜ. ಆ ದಿನ ಗಾಡಿ ಖಾಲಿ, ಡ್ರಮ್ ತಣ್ಣಗೆ, ರಸ್ತೆ ಸಮತಟ್ಟು. ಬೆಣ್ಣೆಯಂಥ ಬ್ರೇಕು ಪಾಸಾಗದೆ ಇನ್ನೇನು?

ಗ್ಯಾರೇಜಿನವರು ಯಾವ ಗಾಡಿಯ ಸಿಲಿಂಡರ್, ಎಷ್ಟು ಬೋರು ಎಂದು ಬಿಲ್ಲಿನಲ್ಲಿ ಬರೆದುಕೊಡಲಿ. ಅಂಗಡಿಯವರು ಹಳೆಯದನ್ನು ಕೌಂಟರಿನ ಮೇಲಿಟ್ಟು ಅಳೆದೇ ಹೊಸದನ್ನು ಕೊಡಲಿ. ಎಫ್‌ಸಿ ಮಾಡುವ ಸಾಹೇಬರು ಆ ಬಿಲ್ಲನ್ನು ಒಮ್ಮೆ ಕೇಳುವರೇ? ಇಲ್ಲವಾದರೆ ಒಂದು ದಿನ ಕೊಟ್ಟಿಗೆಹಾರಕ್ಕೆ ಬಂದು, ಬಸ್ಸು ತಪ್ಪಿಸಿಕೊಂಡು, ನಮ್ಮ ಜೊತೆ ಜೀಪು ಹತ್ತುವರೇ? ಮುಂದಿನ ಸೀಟು ಅವರಿಗೇ ಬಿಟ್ಟುಕೊಡುತ್ತೇವೆ.