ರಾಜಿ ಪತ್ರದಲ್ಲಿ ಬಿಟ್ಟುಕೊಡಲಾಗದ ಹಕ್ಕು: ವಿಚ್ಛೇದನದ ನಂತರ ಮಕ್ಕಳ ಜೀವನಾಂಶ

ವಿವಾಹ ವಿಚ್ಛೇದನವು ಪತಿ-ಪತ್ನಿಯರ ಸಂಬಂಧವನ್ನು ಕೊನೆಗಾಣಿಸುತ್ತದೆಯೇ ಹೊರತು ತಂದೆ-ಮಕ್ಕಳ ಸಂಬಂಧವನ್ನಲ್ಲ. ಕಾನೂನಿನ ದೃಷ್ಟಿಯಲ್ಲಿ ಇದು ನಿರ್ವಿವಾದ. ಆದರೆ ‘ಕೋರ್ಟು ಕಚೇರಿಯ ಅಲೆದಾಟ ಬೇಡ, ಮರ್ಯಾದೆಯಿಂದ ಮುಗಿಸಿಬಿಡೋಣ’ ಎಂದು ಎರಡೂ ಕಡೆಯ ಹಿರಿಯರು ಕುಳಿತು ಸಿದ್ಧಪಡಿಸುವ ರಾಜಿ ಪತ್ರಗಳಲ್ಲಿ ಈ ಮಾತು ಮರೆತುಹೋಗುವುದುಂಟು. ‘ಮುಂದೆ ತನಗಾಗಲಿ ಮಗುವಿಗಾಗಲಿ ಯಾವ ಜೀವನಾಂಶವನ್ನೂ ಕೇಳುವುದಿಲ್ಲ’ ಎಂಬ ಸಾಲಿಗೆ ತಾಯಿ ಸಹಿ ಹಾಕುತ್ತಾಳೆ. ಬಿಡುಗಡೆ ಬೇಗ ದೊರೆತರೆ ಸಾಕೆಂಬ ಆ ಘಳಿಗೆಯಲ್ಲಿ, ಆಕೆ ಬಿಟ್ಟುಕೊಡುತ್ತಿರುವುದು ತನ್ನದಲ್ಲದ ಹಕ್ಕನ್ನು ಎಂಬುದನ್ನು ಯಾರೂ ಹೇಳುವುದಿಲ್ಲ.

ಈ ವಿಷಯ ಹೈದರಾಬಾದಿನ ಕುಷಾಯಿಗೂಡದಂತಹ ಬಡಾವಣೆಗಳ ಕನ್ನಡ ಕುಟುಂಬಗಳಿಗೆ ವಿಶೇಷವಾಗಿ ಸಂಬಂಧಿಸಿದೆ. 1967ರಲ್ಲಿ ಇಸಿಐಎಲ್, 1971ರಲ್ಲಿ ಪರಮಾಣು ಇಂಧನ ಸಂಕೀರ್ಣ ಸ್ಥಾಪನೆಯಾದ ಮೇಲೆ ನಾನಾ ರಾಜ್ಯಗಳ ನೌಕರರು ಈ ಪ್ರದೇಶದಲ್ಲಿ ನೆಲೆಯೂರಿದರು. ಇಲ್ಲಿನ ಕನ್ನಡಿಗರ ಬಂಧುಬಳಗ ಬೀದರ, ಕಲಬುರಗಿ, ರಾಯಚೂರು, ಬೆಂಗಳೂರುಗಳಲ್ಲಿ ಹರಡಿದೆ. ಮದುವೆ ಸಂಬಂಧಗಳೂ ಅಲ್ಲಿಯೇ ಬೆಳೆಯುತ್ತವೆ. ದಾಂಪತ್ಯ ಮುರಿದಾಗ ತಾಯಿ ಮಗುವಿನೊಡನೆ ತವರಿಗೆ ಮರಳಿದರೆ, ತಂದೆ ಬೇರೊಂದು ರಾಜ್ಯದಲ್ಲಿ ಉಳಿಯುತ್ತಾನೆ. ಆಗ ಏಳುವ ಮೊದಲ ಪ್ರಶ್ನೆ, ಅರ್ಜಿ ಹಾಕಬೇಕಾದುದು ಎಲ್ಲಿ ಎಂಬುದು.

ಉತ್ತರ ಸ್ಪಷ್ಟವಾಗಿದೆ. ದಂಡ ಪ್ರಕ್ರಿಯಾ ಸಂಹಿತೆಯ ಪ್ರಸಿದ್ಧ 125ನೇ ಕಲಮಿನ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಜಾರಿಯಲ್ಲಿದೆ. ಇದರ ಅನ್ವಯ ಪತ್ನಿ ತಾನು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಿಸಬಹುದು. ಮೇಡ್ಚಲ್-ಮಲ್ಕಾಜಗಿರಿ ಜಿಲ್ಲೆಯ ನ್ಯಾಯಾಲಯಗಳು ಕುಷಾಯಿಗೂಡದಲ್ಲಿಯೂ ಇರುವುದರಿಂದ, ಮಗುವಿನ ಶಾಲೆ ತಪ್ಪಿಸಿ ಬೆಂಗಳೂರಿಗೆ ಅಲೆಯುವ ಅಗತ್ಯವಿಲ್ಲ. ಇಲ್ಲಿ ದೊರೆತ ಆದೇಶವನ್ನು ತಂದೆ ಇರುವ ಊರಿನ ನ್ಯಾಯಾಲಯದ ಮೂಲಕ ಜಾರಿಗೊಳಿಸಲೂ ಅವಕಾಶವಿದೆ. ರಾಜ್ಯದ ಗಡಿ ಹೊಣೆಗಾರಿಕೆಗೆ ಗಡಿಯಲ್ಲ.

ಎರಡನೆಯ ಪ್ರಶ್ನೆ ಮೊತ್ತದ್ದು. ಇಷ್ಟು ಸಂಬಳಕ್ಕೆ ಮಗುವಿಗೆ ಇಷ್ಟು ಎಂಬ ಸಿದ್ಧ ಕೋಷ್ಟಕ ನಮ್ಮ ಕಾನೂನಿನಲ್ಲಿ ಇಲ್ಲ. 125ನೇ ಕಲಮಿನಲ್ಲಿ ಒಂದು ಕಾಲಕ್ಕೆ ಇದ್ದ ತಿಂಗಳಿಗೆ 500 ರೂಪಾಯಿಗಳ ಮಿತಿಯನ್ನು 2001ರ ತಿದ್ದುಪಡಿ ತೆಗೆದುಹಾಕಿತು. ಈಗ ದಾರಿ ತೋರುವುದು 2020ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ನೀಡಿದ ತೀರ್ಪು. ಅದರಂತೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಮಗುವಿನ ಊಟ, ಬಟ್ಟೆ, ವಸತಿ, ಚಿಕಿತ್ಸೆ ಮತ್ತು ವಿದ್ಯಾಭ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು. ಶಿಕ್ಷಣದ ವೆಚ್ಚವನ್ನು ಸಾಮಾನ್ಯವಾಗಿ ತಂದೆ ಭರಿಸತಕ್ಕದ್ದು. ತಾಯಿಗೆ ಸಾಕಷ್ಟು ಗಳಿಕೆಯಿದ್ದರೆ ಅದನ್ನು ಪ್ರಮಾಣಾನುಸಾರ ಹಂಚಬಹುದು. ಆದ್ದರಿಂದ ‘ನೀನೂ ದುಡಿಯುತ್ತೀಯಲ್ಲ’ ಎಂಬ ಮಾತಿನಿಂದ ತಂದೆಯ ಹೊಣೆ ತೀರುವುದಿಲ್ಲ. ಜೀವನಾಂಶವು ಅರ್ಜಿ ಸಲ್ಲಿಸಿದ ದಿನದಿಂದಲೇ ಸಲ್ಲಬೇಕೆಂದೂ ಅದೇ ತೀರ್ಪು ಹೇಳಿದೆ.

ಮೊಕದ್ದಮೆ ಮುಗಿಯುವವರೆಗೆ ಶಾಲೆಯ ಶುಲ್ಕ ಕಾಯುವುದಿಲ್ಲ. ಅದಕ್ಕಾಗಿಯೇ ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಎದುರು ಪಕ್ಷಕ್ಕೆ ನೋಟೀಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಮಟ್ಟಿಗೆ ತೀರ್ಮಾನಿಸಬೇಕೆಂದು ಕಾನೂನು ಸೂಚಿಸಿದೆ. ಆದೇಶವಾದ ಮೇಲೂ ಹಣ ಬಾರದಿದ್ದರೆ ವಸೂಲಿಗಾಗಿ ವಾರಂಟ್ ಹೊರಡಿಸಬಹುದು. ಬಾಕಿಯಿರುವ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕದಿದ್ದರೆ ಈ ಮಾರ್ಗ ಮುಚ್ಚಿಹೋಗುತ್ತದೆ. ‘ಇಂದಲ್ಲ ನಾಳೆ ಕೊಟ್ಟಾರು’ ಎಂದು ವರ್ಷಗಟ್ಟಲೆ ಸುಮ್ಮನಿರುವವರು ಇದನ್ನು ಗಮನಿಸಬೇಕು.

ಈ ಹಕ್ಕು ಒಂದು ಮತಕ್ಕೆ ಸೀಮಿತವಲ್ಲ. ತೆಲಂಗಾಣದಿಂದಲೇ ಹೋದ ಮೊಹಮ್ಮದ್ ಅಬ್ದುಲ್ ಸಮದ್ ಪ್ರಕರಣದಲ್ಲಿ 2024ರ ಜುಲೈ 10ರಂದು, ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಆ ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಮಕ್ಕಳ ಮಟ್ಟಿಗಂತೂ ಈ ಹಕ್ಕನ್ನು 1997ರಲ್ಲಿಯೇ ನೂರ್ ಸಬಾ ಖಾತೂನ್ ಪ್ರಕರಣ ಎತ್ತಿಹಿಡಿದಿತ್ತು.

ಇನ್ನು ಮೂಲ ಸಮಸ್ಯೆಯಾದ ರಾಜಿ ಪತ್ರಕ್ಕೆ ಬರೋಣ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಅಧಿನಿಯಮದ 13-ಬಿ ಕಲಮು ಆಧಾರ. ಇಲ್ಲಿ ಪತ್ನಿ ತನ್ನ ಪಾಲಿನ ಜೀವನಾಂಶವನ್ನು ಬಿಟ್ಟುಕೊಟ್ಟರೂ, ಅಪ್ರಾಪ್ತ ಮಗುವಿನ ಹಕ್ಕನ್ನು ಅದೇ ಸಹಿಯಿಂದ ಅಳಿಸಲಾಗದು. ಈಗಾಗಲೇ ಅಂತಹ ಸಾಲಿಗೆ ಸಹಿ ಹಾಕಿರುವ ತಾಯಂದಿರೂ ಮಗುವಿನ ಪರವಾಗಿ ನ್ಯಾಯಾಲಯದ ಬಾಗಿಲು ತಟ್ಟಬಹುದು. ಮಕ್ಕಳ ಪಾಲನೆ, ಪೋಷಣೆ, ಶಿಕ್ಷಣದ ಕುರಿತಾದ ಆದೇಶಗಳನ್ನು ಕಾಲಕಾಲಕ್ಕೆ ಬದಲಿಸುವ ಅಧಿಕಾರವನ್ನು 26ನೇ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ.

ಹೊಸದಾಗಿ ಒಪ್ಪಂದ ಬರೆಯುವವರು ಇನ್ನೊಂದು ಅಂಶವನ್ನು ಮರೆಯಬಾರದು. 144ನೇ ಕಲಮಿನ ರಕ್ಷಣೆ ಸಾಮಾನ್ಯವಾಗಿ ಮಗುವಿಗೆ 18 ತುಂಬುವವರೆಗೆ ಮಾತ್ರ. ಅವಿವಾಹಿತ ಹಿಂದೂ ಮಗಳು ಆ ನಂತರವೂ 1956ರ ದತ್ತಕ ಮತ್ತು ಜೀವನಾಂಶ ಅಧಿನಿಯಮದ 20ನೇ ಕಲಮಿನಡಿ ಕೇಳಬಹುದೆಂದು 2020ರ ಅಭಿಲಾಷಾ ಪ್ರಕರಣದಲ್ಲಿ ತೀರ್ಮಾನವಾಗಿದೆಯಾದರೂ, ಅದು ಪ್ರತ್ಯೇಕ ದಾವೆಯ ಹಾದಿ. ಕಾಲೇಜಿನ ದೊಡ್ಡ ಖರ್ಚು ಆರಂಭವಾಗುವುದೇ ಆ ವಯಸ್ಸಿನಲ್ಲಿ. ಆದುದರಿಂದ ಉನ್ನತ ಶಿಕ್ಷಣದ ವೆಚ್ಚ, ವರ್ಷವರ್ಷದ ಏರಿಕೆ, ವೈದ್ಯಕೀಯ ವಿಮೆ ಇವುಗಳನ್ನು ಒಪ್ಪಂದದಲ್ಲಿಯೇ ಅಂಕಿಗಳೊಡನೆ ನಮೂದಿಸುವುದು ವಿವೇಕ.

ವಕೀಲರ ಶುಲ್ಕಕ್ಕೆ ಅಂಜಿ ಹಿಂಜರಿಯುವವರಿಗೂ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಂತೆ ಮಹಿಳೆಯರು ಮತ್ತು ಮಕ್ಕಳು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಅಂದರೆ ನೌಕರಿಯಲ್ಲಿರುವ ತಾಯಿಗೂ ಅದು ದೊರೆಯುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸಿಕೊಡುತ್ತಾರೆ. 15100 ಎಂಬ ರಾಷ್ಟ್ರೀಯ ಸಹಾಯವಾಣಿಗೂ ಕರೆ ಮಾಡಬಹುದು. ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ, ವಿಚ್ಛೇದನದ ಆದೇಶ ಅಥವಾ ಒಪ್ಪಂದದ ಪ್ರತಿ, ಶಾಲಾ ಶುಲ್ಕದ ರಸೀದಿ, ಔಷಧದ ಬಿಲ್ಲುಗಳು ಮತ್ತು ತಂದೆಯ ಉದ್ಯೋಗದ ಬಗೆಗೆ ತಿಳಿದಿರುವ ವಿವರಗಳನ್ನು ಕೊಂಡೊಯ್ಯಬೇಕು. ಕನ್ನಡದಲ್ಲಿರುವ ದಾಖಲೆಗಳಿಗೆ ಇಂಗ್ಲಿಷ್ ಅಥವಾ ತೆಲುಗು ಅನುವಾದ ಬೇಕಾಗಬಹುದು. ಎರಡೂ ಭಾಷೆ ಬಲ್ಲ ನೆರೆಹೊರೆಯ ಹಿರಿಯರು ಈ ಕೆಲಸಕ್ಕೆ ಕೈಜೋಡಿಸಿದರೆ ಅದು ದೊಡ್ಡ ಉಪಕಾರವಾಗುತ್ತದೆ.

ಪಂಚಾಯಿತಿಗೆ ಕೂರುವ ಹಿರಿಯರಲ್ಲಿ ಒಂದು ವಿನಂತಿ. ಮನಸ್ತಾಪವನ್ನು ಬೇಗ ಮುಗಿಸಬೇಕೆಂಬ ನಿಮ್ಮ ಕಳಕಳಿ ಗೌರವಾರ್ಹವಾದುದು. ಆದರೆ ಆ ಕೂಟದಲ್ಲಿ ಗಂಡಿನ ಕಡೆಯವರಿಗೂ ಹೆಣ್ಣಿನ ಕಡೆಯವರಿಗೂ ದನಿಯಿದೆ, ಮಗುವಿಗೆ ಮಾತ್ರ ಇಲ್ಲ. ಸಹಿಗೆ ಮುನ್ನ ಮಗುವಿನ ಹೆಸರಿನಲ್ಲಿ ಏನು ಬರೆದಿದೆಯೆಂದು ಒಮ್ಮೆ ಗಟ್ಟಿಯಾಗಿ ಓದಿಸಿ. ಏನೂ ಬರೆದಿಲ್ಲವಾದರೆ ಆ ಪತ್ರ ಇನ್ನೂ ಪೂರ್ಣವಾಗಿಲ್ಲವೆಂದೇ ತಿಳಿಯಬೇಕು.