ಪದವಿಚಾರ: ‘ನೈಸ್’

ಇಂಗ್ಲಿಷ್ ಬಾರದ ಮನೆಗಳಲ್ಲಿಯೂ ನಿರಾತಂಕವಾಗಿ ಓಡಾಡುತ್ತಿರುವ ಇಂಗ್ಲಿಷ್ ಶಬ್ದಗಳಲ್ಲಿ ‘ನೈಸ್’ ಎಂಬುದೊಂದು. ದೋಸೆಯ ಹಿಟ್ಟನ್ನು ನೈಸಾಗಿ ರುಬ್ಬಬೇಕೆಂದು ಅತ್ತೆಯವರು ಸೊಸೆಗೆ ಹೇಳುವರು. ಸೀರೆಯಂಗಡಿಯಲ್ಲಿ ಸೆರಗನ್ನು ಸವರಿ ನೋಡಿ ‘ಬಟ್ಟೆ ನೈಸಾಗಿದೆ’ ಎನ್ನುವರು. ಮುನಿಸಿಕೊಂಡ ಅಜ್ಜನನ್ನು ಮೊಮ್ಮಗನು ‘ನೈಸ್ ಮಾಡಿ’ ನಾಲ್ಕು ಕಾಸು ಗಿಟ್ಟಿಸಿಕೊಳ್ಳುವನು. ಕೆಲಸದ ಹೊತ್ತಿಗೆ ‘ನೈಸಾಗಿ’ ಜಾರಿಕೊಳ್ಳುವವರ ವಿಷಯವನ್ನಂತೂ ಹೇಳಬೇಕಾದುದೇ ಇಲ್ಲ. ಇವುಗಳಲ್ಲಿ ಒಂದೆರಡನ್ನಾದರೂ ಲಂಡನ್ನಿನವನು ತನ್ನ ಮಾತೆಂದು ಗುರುತಿಸುವನೋ ಇಲ್ಲವೋ ಸಂದೇಹ. ನಮ್ಮ ‘ನಯ’ ಎಂಬ ಮಾತಿಗೂ ಇದಕ್ಕೂ ಹುಟ್ಟಿನ ನಂಟಿಲ್ಲ. ಆದರೂ ‘ನಯ’ವು ಮೊದಲೇ ಇದ್ದ ಮನೆಗೆ ಬಂದುದರಿಂದಲೇ ‘ನೈಸ್’ ಇಷ್ಟು ಸಲೀಸಾಗಿ ಒಗ್ಗಿಕೊಂಡಿತೆಂದು ನಮ್ಮ ಊಹೆ.

ಈ ಶಬ್ದದ ಪೂರ್ವಾಶ್ರಮವನ್ನು ವಿಚಾರಿಸಿದರೆ ವಾಚಕರಿಗೆ ಆಶ್ಚರ್ಯವಾಗದಿರದು. ಲ್ಯಾಟಿನ್ ಭಾಷೆಯಲ್ಲಿ ‘ಸ್ಕೀರೆ’ ಎಂದರೆ ತಿಳಿ ಎಂದರ್ಥ. ಅದರ ಹಿಂದೆ ‘ನೆ’ ಎಂಬ ನಿಷೇಧವು ಸೇರಿ ‘ನೆಸ್ಕಿಯುಸ್’, ಎಂದರೆ ಅರಿಯದವನು, ಅಜ್ಞಾನಿ ಎಂದಾಯಿತು. ಈ ‘ನೆ’ಕಾರವು ನಮ್ಮ ಸಂಸ್ಕೃತದ ‘ನ’ಕಾರದ ಒಡಹುಟ್ಟು. ಲ್ಯಾಟಿನ್ನಿನಿಂದ ಹಳೆಯ ಫ್ರೆಂಚಿಗೆ ಇಳಿದು, ಅಲ್ಲಿಂದ ಸುಮಾರು ಏಳುನೂರು ವರ್ಷಗಳ ಹಿಂದೆ ಇಂಗ್ಲಿಷಿಗೆ ಬಂದಾಗ ‘ನೈಸ್’ ಎಂದರೆ ಶುದ್ಧ ದಡ್ಡನೆಂದೇ ಅರ್ಥ. ಅದೇ ‘ಸ್ಕೀರೆ’ ಧಾತುವಿನಿಂದ ‘ಸೈನ್ಸ್’ ಶಬ್ದವೂ ಹುಟ್ಟಿತು. ಒಂದೇ ಬಳ್ಳಿಯಲ್ಲಿ ಅರಿವಿನ ಕಾಯೊಂದು, ಅರಿಯದಿರುವಿಕೆಯ ಕಾಯೊಂದು!

ದಡ್ಡನು ಸಭ್ಯನಾದ ಬಗೆಯು ದೀರ್ಘವಾದ ಕಥೆ. ಮೊದಲು ದಡ್ಡ, ಬಳಿಕ ಹಿಡಿತವಿಲ್ಲದವನು, ವಿಲಾಸಿ, ಉಡುಪಿನ ಆಡಂಬರವುಳ್ಳವನು, ಅನಂತರ ನಾಚಿಕೆಯವನು, ಸಂಕೋಚದವನು, ಆಮೇಲೆ ಅದು ಸರಿಯಿಲ್ಲ ಇದು ಸರಿಯಿಲ್ಲವೆಂದು ಮೂಗು ಮುರಿಯುವ ನಾಜೂಕಿನವನು. ನಾಜೂಕಿನಿಂದ ಸೂಕ್ಷ್ಮತೆಗೆ ಒಂದೇ ಹೆಜ್ಜೆ. ಕೂದಲೆಳೆಯಷ್ಟು ಅಂತರವನ್ನು ಎತ್ತಿ ತೋರಿಸುವ ವಾದವನ್ನು ಇಂದಿಗೂ ಇಂಗ್ಲಿಷಿನಲ್ಲಿ ‘ನೈಸ್’ ಎನ್ನುವರು. ಅಲ್ಲಿ ಅದು ಚೆಂದವೆಂದಲ್ಲ, ಸೂಕ್ಷ್ಮವೆಂದು. ಕಡೆಗೆ 18ನೆಯ ಶತಮಾನದಲ್ಲಿ ‘ಹಿತವಾದ’, ‘ಸೊಗಸಾದ’ ಎಂಬ ಅರ್ಥವು ತಲೆಯೆತ್ತಿ ಉಳಿದುವನ್ನೆಲ್ಲ ಮೂಲೆಗೊತ್ತಿತು. ನಡುವಣ ಎರಡು ಶತಮಾನಗಳ ಬರವಣಿಗೆಯಲ್ಲಿ ಯಾವ ಕಡೆ ಯಾವ ಅರ್ಥವೆಂದು ನಿಶ್ಚಯಿಸಲು ನಿಘಂಟುಕಾರರೇ ತಿಣುಕಿದ್ದಾರೆ.

ಸಂಸ್ಕೃತವನ್ನು ಓದಿದವರಿಗೆ ಈ ಪರಿಣಾಮವು ಅಪರಿಚಿತವಲ್ಲ. ‘ಮುಹ್’ ಎಂಬ ಧಾತುವಿಗೆ ಬುದ್ಧಿ ಮಂಕಾಗುವುದೆಂದು ಅರ್ಥ. ‘ಮೋಹ’ವು ಅದರಿಂದಲೇ ಬಂದುದು. ಇದಕ್ಕೆ ‘ಕ್ತ’ ಪ್ರತ್ಯಯವು ಸೇರಿದಾಗ ಎರಡು ರೂಪಗಳಾಗಬಹುದೆಂದು ಪಾಣಿನಿಯು ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯದಲ್ಲಿ ವಿಕಲ್ಪವನ್ನು ವಿಧಿಸಿದ್ದಾನೆ. ಒಂದು ‘ಮುಗ್ಧ’, ಇನ್ನೊಂದು ‘ಮೂಢ’. ಧಾತುವೊಂದೇ, ಪ್ರತ್ಯಯವೊಂದೇ; ಆದರೆ ಮೂಢನು ಬೈಗುಳಕ್ಕೆ ಪಾತ್ರನಾದನು, ಮುಗ್ಧನು ಮುದ್ದಿಗೆ ಪಾತ್ರನಾದನು. 13ನೆಯ ಶತಮಾನದ ವೋಪದೇವನು ತನ್ನ ವ್ಯಾಕರಣಕ್ಕೆ ‘ಮುಗ್ಧಬೋಧ’ವೆಂದು ಹೆಸರಿಟ್ಟಾಗ ಮುಗ್ಧನೆಂದರೆ ಇನ್ನೂ ಕಲಿಯದವನೆಂದೇ ಭಾವ. ಕಾವ್ಯಗಳಲ್ಲಿಯಾದರೋ ಅದೇ ಶಬ್ದವು ಸ್ತ್ರೀಲಿಂಗದಲ್ಲಿ ಬಂದರೆ ಚೆಲುವಿನ ಬಿರುದು. ಅರಿಯದಿರುವುದು ಗಂಡಸಿಗೆ ಕುಂದಾಗಿ ಹೆಂಗಸಿಗೆ ಒಡವೆಯಾದುದು ಹೇಗೆಂದು ಯಾವ ವ್ಯಾಕರಣಸೂತ್ರವೂ ಹೇಳಲಾರದು. ಇದು ಸೂತ್ರಕಾರರ ತಪ್ಪಲ್ಲ, ಲೋಕದ್ದು.

ಏರಿದ ಶಬ್ದಗಳಿರುವಂತೆ ಇಳಿದ ಶಬ್ದಗಳೂ ಉಂಟು. ಇಂಗ್ಲಿಷಿನ ‘ಸಿಲ್ಲಿ’ ಒಂದು ಕಾಲದಲ್ಲಿ ಧನ್ಯ, ಪುಣ್ಯವಂತ ಎಂದಿದ್ದುದು; ಅದರ ಜರ್ಮನ್ ಸೋದರವಾದ ‘ಜೇಲಿಷ್’ ಇಂದಿಗೂ ಹಾಗೆಯೇ ಇದೆ. ನಮ್ಮಲ್ಲಿ ‘ದೇವಾನಾಂಪ್ರಿಯ’ ಎಂಬುದು ಅಶೋಕ ಚಕ್ರವರ್ತಿಯ ಬಿರುದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಆ ಬಿರುದು ಅಶೋಕನೆಂಬ ಹೆಸರಿನೊಡನೆಯೇ ಕಂಡುಬಂದು ಇತಿಹಾಸಜ್ಞರ ಸಂಶಯವನ್ನು ನೀಗಿತು. ಅದೇ ‘ದೇವಾನಾಂಪ್ರಿಯ’ನಿಗೆ ಸಿದ್ಧಾಂತಕೌಮುದಿಯ ಕಾಲಕ್ಕೆ ಬಂದ ಅರ್ಥ ಮೂರ್ಖನೆಂದು! ಚಕ್ರವರ್ತಿಯ ಪಾಡೇ ಹೀಗಿರುವಾಗ ಉಳಿದವರ ಮಾತೇನು?

‘ನೈಸ್’ ಎಲ್ಲ ಕಡೆಯೂ ಸಲ್ಲುವ ಚಲಾವಣೆಯ ನಾಣ್ಯವಾದ ಮೇಲೆ ಸವೆದೂ ಹೋಯಿತು. ಜೇನ್ ಆಸ್ಟೆನ್ ಎಂಬ ಲೇಖಕಿಯು ತೀರಿಕೊಂಡ 1817ನೆಯ ಇಸವಿಯ ಡಿಸೆಂಬರಿನಲ್ಲಿ ಹೊರಬಂದ ‘ನಾರ್ಥ್ಯಾಂಗರ್ ಅಬ್ಬೆ’ ಎಂಬ ಕಾದಂಬರಿಯಲ್ಲಿ, ಪುಸ್ತಕವೊಂದನ್ನು ‘ನೈಸ್’ ಎಂದ ಹುಡುಗಿಯನ್ನು ಕಥಾನಾಯಕನು ಚೆನ್ನಾಗಿ ಹಾಸ್ಯಮಾಡುತ್ತಾನೆ. ನಾವೂ ಉಪಾಧ್ಯಾಯರಾಗಿದ್ದಾಗ ಇಂಗ್ಲಿಷ್ ಪ್ರಬಂಧಗಳಲ್ಲಿ ಈ ಶಬ್ದವನ್ನು ನಿಷೇಧಿಸಿದ್ದುಂಟು. ಜಾಣ ವಿದ್ಯಾರ್ಥಿಯೊಬ್ಬನು ಮರುವಾರ ಅದೇ ಏಳು ಸ್ಥಳಗಳಲ್ಲಿ ‘ಗುಡ್’ ಎಂದು ಬರೆದು ತಂದನು.

ವಾಚಕ ಸೋದರಿಯೊಬ್ಬರು ಬರೆದ ಕಾಗದವೇ ಈ ತಿಂಗಳ ಬರಹಕ್ಕೆ ಕಾರಣ. ಅವರ ಮಗಳ ಪ್ರಗತಿಪತ್ರದಲ್ಲಿ ಉಪಾಧ್ಯಾಯಿನಿಯು ‘ನೈಸ್ ಗರ್ಲ್’ ಎಂದಷ್ಟೇ ಬರೆದಿರುವರಂತೆ, ಮನೆಯವರಿಗೆಲ್ಲ ಸಂತೋಷವಂತೆ, ತಾಯಿಗೆ ಮಾತ್ರ ಏಕೋ ಸಮಾಧಾನವಿಲ್ಲ. ತಾಯಿಯ ಅಸಮಾಧಾನವು ಯುಕ್ತವೆಂದೇ ನಮ್ಮ ಅಭಿಪ್ರಾಯ. ಗಲಾಟೆ ಮಾಡದೆ ಮೂಲೆಯಲ್ಲಿ ಕುಳಿತ ಮಗುವಿಗೆ ಈ ಶಬ್ದವನ್ನು ಬರೆಯುವುದು ಬಹಳ ಸುಲಭ. ಆ ಮಗುವನ್ನು ಒಮ್ಮೆಯೂ ದಿಟ್ಟಿಸಿ ನೋಡದೆಯೇ ಬರೆಯಬಹುದು. ನಲವತ್ತು ಮಕ್ಕಳ ಪತ್ರಗಳನ್ನು ಒಂದೇ ರಾತ್ರಿ ತುಂಬಿಸಬೇಕಾದ ಉಪಾಧ್ಯಾಯರ ಕಷ್ಟವನ್ನು ನಾವು ಅರಿಯದವರಲ್ಲ. ಆದರೂ ಆ ಸೋದರಿಯು ಒಮ್ಮೆ ಶಾಲೆಗೆ ಹೋಗಿ, ಮಗಳು ಪಾಠದ ನಡುವೆ ಪ್ರಶ್ನೆ ಕೇಳುವಳೇ, ಯಾವ ಲೆಕ್ಕದಲ್ಲಿ ತಡವರಿಸುವಳು, ಯಾವ ಪಾಠ ಬಂದಾಗ ಕಣ್ಣರಳಿಸುವಳು ಎಂದು ವಿನಯದಿಂದ ವಿಚಾರಿಸಲಿ. ಉತ್ತರ ಬಂದರೆ ಆ ಪತ್ರದಲ್ಲಿ ಅದನ್ನೇ ಬರೆಸಿಕೊಳ್ಳಲಿ.

ಇನ್ನೊಂದು ಮಾತು. ಫ್ರಾನ್ಸಿನ ಕಡಲತೀರದಲ್ಲಿ ಇದೇ ಅಕ್ಷರಗಳಿಂದ ಬರೆಯುವ ಪಟ್ಟಣವೊಂದುಂಟು. ಅದರ ಉಚ್ಚಾರಣೆ ‘ನೀಸ್’; ಮೂಲವು ವಿಜಯವೆಂಬರ್ಥದ ಗ್ರೀಕ್ ‘ನಿಕೆ’. ಬೆಂಗಳೂರಿನ ಹೊರವಲಯದ ‘ನೈಸ್’ ರಸ್ತೆಯಾದರೋ ಒಂದು ಕಂಪೆನಿಯ ಹೆಸರಿನ ಮೊದಲಕ್ಷರಗಳು ಕೂಡಿ ಆದುದು. ಇವೆರಡಕ್ಕೂ ನಮ್ಮ ದಡ್ಡನಿಗೂ ಯಾವ ಬಾಂಧವ್ಯವೂ ಇಲ್ಲ.